ನಿರುದ್ಯೋಗಿಗೆ ಸಾಣೆ: ಅಲೀಪುರ ಪದ್ಧತಿ

ಮನೋಭಾವ ಸರಿಯಿದ್ದರೆ, ಕೆಲಸ ಇಲ್ಲವೆಂಬುದು ಕೆಲವು ತಿಂಗಳಾದ ಮೇಲೆ ಗೊತ್ತೇ ಆಗುವುದಿಲ್ಲ. ಇದನ್ನು ಅಧಿಕಾರಯುತವಾಗಿಯೇ ಹೇಳುತ್ತಿದ್ದೇನೆ. ಸಕಾರಾತ್ಮಕ ಚಿಂತನೆ ಬೋಧಿಸುವ ಸಂಬಳದ ಕೆಲಸ ನನಗಿದೆ.

ಈ ಶಾಸ್ತ್ರದ ಪ್ರಯೋಗಕ್ಕೆ ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕಿಂತ ತಕ್ಕ ಊರಿಲ್ಲ. ಹರಳಿನ ವ್ಯಾಪಾರಕ್ಕೆ ಹೆಸರಾದ ಊರು; ಹರಳಿನ ಬೆನ್ನು ಹತ್ತಿ ಇಲ್ಲಿಯವರು ಬ್ಯಾಂಕಾಕ್‌ವರೆಗೂ ಹೋಗಿದ್ದಾರೆ. ಇತ್ತ ನಾಡಿನ ನಿರುದ್ಯೋಗಿಗಳು ಜೋಯಿಸರ ಮಾತು ಕೇಳಿ, ಶನಿಗೆ ನೀಲ, ಗುರುವಿಗೆ ಪುಷ್ಯರಾಗ, ಬುಧನಿಗೆ ಪಚ್ಚೆ ಎಂದು ಉಂಗುರ ಮಾಡಿಸಿಕೊಂಡು ಸಂದರ್ಶನಕ್ಕೆ ಹೋಗುತ್ತಾರೆ. ಹರಳಿನಿಂದ ಕೆಲಸ ಸಿಗುತ್ತದೆಯೇ? ಖಂಡಿತ ಸಿಗುತ್ತದೆ. ನೆಲದಿಂದ ಅಗೆದವನಿಗೆ, ಸಾಣೆ ಹಿಡಿದವನಿಗೆ, ಮಾರಿದವನಿಗೆ, ಉಂಗುರಕ್ಕೆ ಕೂರಿಸಿದ ಅಕ್ಕಸಾಲಿಗನಿಗೆ, ಶಿಫಾರಸು ಮಾಡಿದ ಜೋಯಿಸನಿಗೆ. ಆರನೆಯವನು ಉಂಗುರ ಹಾಕಿಕೊಂಡವನು. ಅವನೊಬ್ಬನಿಗೆ ಫಲಿಸಲಿಲ್ಲವೆಂದು ಇಡೀ ಶಾಸ್ತ್ರವನ್ನು ತಳ್ಳಿಹಾಕುವುದು ವೈಜ್ಞಾನಿಕವಲ್ಲ.

ಸಾಣೆಯ ಕ್ರಮವನ್ನು ಅಭ್ಯರ್ಥಿಗಳು ಗಮನಿಸಬೇಕು. ಕಚ್ಚಾ ಹರಳನ್ನು ಕಡ್ಡಿಯ ತುದಿಗೆ ಅಂಟಿಸಿ, ತಿರುಗುವ ಚಕ್ರಕ್ಕೆ ಒಂದೊಂದೇ ಮುಖ ಒತ್ತುತ್ತಾರೆ. ಹೊಳಪು ಬರುವಷ್ಟರಲ್ಲಿ ಎಷ್ಟೋ ಸಲ ಅರ್ಧಕ್ಕಿಂತ ಹೆಚ್ಚು ತೂಕ ಪುಡಿಯಾಗಿ ಹೋಗಿರುತ್ತದೆ. ಪದವೀಧರನದೂ ಅದೇ ಕಥೆ. ತೊಂಡೇಬಾವಿಯಲ್ಲಿ ರೈಲು ಹತ್ತುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಬಯೋಡೇಟಾ, ಅಂಕಪಟ್ಟಿಯ ಜೆರಾಕ್ಸು, ಮೂರು ಫೋಟೊ. ಮಾಕಳಿದುರ್ಗದ ಬೆಟ್ಟ ದಾಟುವಾಗ ಆತ್ಮವಿಶ್ವಾಸ ಇನ್ನೂ ಪೂರ್ತಿ ಇರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಸಂಭಾಷಣೆ ಹೀಗೆ ನಡೆಯುತ್ತದೆ:

“ಎರಡು ವರ್ಷ ಅನುಭವ ಇದೆಯಾ?”

“ಇಲ್ಲ ಸರ್. ಯಾರಾದ್ರೂ ಕೆಲಸ ಕೊಟ್ರೆ ಆಗುತ್ತೆ.”

“ಸರಿ, ಫೋನ್ ಮಾಡ್ತೀವಿ.”

ಸಾಮಾನ್ಯ ಜನ ಇದನ್ನು ತಿರಸ್ಕಾರವೆಂದು ತಿಳಿಯುತ್ತಾರೆ. ತಜ್ಞರು ಹಾಗೆ ತಿಳಿಯುವುದಿಲ್ಲ. ಯಾವತ್ತು ಮಾಡುತ್ತೇವೆಂದು ಅವರು ಹೇಳಲಿಲ್ಲ, ಆದ್ದರಿಂದ ಇನ್ನೂ ತಡವಾಗಿಲ್ಲ.

ಈ ಜಿಲ್ಲೆಯಲ್ಲಿ ಸ್ಫೂರ್ತಿ ಭಾಷಣ ಮಾಡುವವರೆಲ್ಲ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೆತ್ತದೆ ಬಿಡುವುದಿಲ್ಲ. ನಾನೂ ಎತ್ತುತ್ತೇನೆ. 1908ರಲ್ಲಿ ಅವರು ಮುಂಬೈ ಸರ್ಕಾರದ ಕೆಲಸ ಬಿಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕೆಲಸ ಬಿಟ್ಟರೆ ಮೇಲೇರಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ಬಿಡುವುದಕ್ಕೆ ಮೊದಲು ಒಂದು ಕೆಲಸ ಇರಬೇಕೆಂಬ ಅಂಶವನ್ನು ಭಾಷಣದ ಕೊನೆಗೆ, ಊಟದ ಗಂಟೆ ಹೊಡೆಯುವಾಗ ಹೇಳುವುದು ರೂಢಿ.

ತಾಳ್ಮೆಯ ವಿಷಯದಲ್ಲಿ ಮಾತ್ರ ಸರ್ಕಾರವನ್ನು ಮೀರಿಸಿದ ಗುರುವಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 3 ಅಕ್ಟೋಬರ್ 2021ರಂದು ಪರೀಕ್ಷೆ ನಡೆಯಿತು. 2022ರ ಏಪ್ರಿಲ್‌ನಲ್ಲಿ, ಅಕ್ರಮ ಬಯಲಾಗಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 23 ಜನವರಿ 2024ರಂದು. ನಡುವಿನ ಎರಡು ವರ್ಷಕ್ಕೂ ಮಿಕ್ಕ ಈ ತರಬೇತಿಗೆ ಅಭ್ಯರ್ಥಿಗಳಿಂದ ಶುಲ್ಕವನ್ನೇ ಪಡೆಯಲಿಲ್ಲ. ಖಾಲಿ ಬಿಟ್ಟ ಒಎಂಆರ್ ಹಾಳೆಯನ್ನು ಆಮೇಲೆ ಯಾರೋ ತುಂಬುತ್ತಾರೆಂದು ನಂಬಿದವರೂ ಇದ್ದರೆಂಬುದು ಆ ಪ್ರಕರಣದ ಆರೋಪ. ಸಕಾರಾತ್ಮಕ ಚಿಂತನೆ ಅಷ್ಟು ಎತ್ತರಕ್ಕೆ ಹೋದ ಬೇರೆ ನಿದರ್ಶನ ನನಗೆ ತಿಳಿದಿಲ್ಲ. ಓದಿ ಬರೆದವರ ಮನೋಭಾವ ಅವರ ಮುಂದೆ ಸಪ್ಪೆ.

ಇನ್ನು ನೆಂಟರು. ಹೊರದೇಶದಿಂದ ರಜೆಗೆ ಬಂದ ಚಾಚಾ, ಸೆಂಟಿನ ವಾಸನೆಯ ನಡುವೆ ನಿಂತು, “ಏನ್ ಬೇಟಾ, ಇನ್ನೂ ಏನೂ ಆಗಿಲ್ವಾ?” ಎಂದು ಕೇಳುತ್ತಾರೆ. “ಪ್ರೋಸೆಸ್‌ನಲ್ಲಿದೆ ಚಾಚಾ” ಎನ್ನಬೇಕು. ಏನು ಪ್ರೋಸೆಸ್ ಎಂದು ಈವರೆಗೆ ಯಾವ ಚಾಚಾನೂ ಮರುಪ್ರಶ್ನೆ ಹಾಕಿಲ್ಲ. ಅವರೂ ಅಲ್ಲಿ ವೀಸಾದ ವಿಷಯದಲ್ಲಿ ಅದೇ ಮಾತು ಆಡುತ್ತಿರುತ್ತಾರೆ.

ಇಷ್ಟಾದ ಮೇಲೂ ಕುಗ್ಗುವವರಿಗೆ ಕೊನೆಯ ಮದ್ದು ಯುವನಿಧಿ. 12 ಜನವರಿ 2024ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯನ್ನು ಭತ್ಯೆ ಎಂದು ಕರೆಯುವವರು ಅದರ ಸ್ವರೂಪವನ್ನೇ ಅರಿತಿಲ್ಲ. ಇದು ಹುದ್ದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ವಿದ್ಯಾರ್ಹತೆಗೆ ತಕ್ಕ ವೇತನ ಶ್ರೇಣಿಯೂ ಇದೆ. ಪಾಸಾಗಿ 180 ದಿನ ಕೆಲಸ ಸಿಗದೆ ಕಳೆಯಬೇಕು, ಅದು ಪ್ರೊಬೇಷನ್. ಸೇವಾವಧಿ ಹೆಚ್ಚೆಂದರೆ ಎರಡು ವರ್ಷ. ಅಷ್ಟರಲ್ಲಿ ಕೆಲಸ ಸಿಕ್ಕರೆ ವಜಾ. ಮುಂದೆ ಓದಲು ಹೋದರೂ ವಜಾ. ಹಾಜರಿ ಪುಸ್ತಕದ ಬದಲು, ತಾನು ಇನ್ನೂ ನಿರುದ್ಯೋಗಿಯೇ ಎಂದು ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು. ಬೇರೆ ಅರ್ಜಿಗಳೆಲ್ಲ ನಿಮ್ಮಲ್ಲಿ ಏನಿದೆಯೆಂದು ಕೇಳಿ, ಅದು ಸಾಲದೆಂದು ಹೇಳುತ್ತವೆ. ಏನೂ ಇಲ್ಲ ಎಂದದ್ದನ್ನು ನಂಬಿ ಹಣ ಹಾಕುವ ಅರ್ಜಿ ಇದೊಂದೇ.

ಆದ್ದರಿಂದ ಅರ್ಹ ಓದುಗರಲ್ಲಿ ವಿನಂತಿ: ಘೋಷಣೆ ಬಾಕಿಯಿದ್ದರೆ ಇವತ್ತೇ ಸೇವಾ ಸಿಂಧು ಪೋರ್ಟಲ್‌ನಲ್ಲಿ ಮುಗಿಸಿಬಿಡಿ. ಆಧಾರ್‌ಗೆ ಜೋಡಿಸಿದ ಮೊಬೈಲು ಜೊತೆಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ. ಕಂಪನಿಯವರು ಮಾಡುತ್ತೇವೆಂದ ಫೋನೂ ಅದಕ್ಕೇ ಬರಬೇಕಾದ್ದರಿಂದ, ಚಾರ್ಜು ಹಾಕಿಟ್ಟುಕೊಳ್ಳಿ.