ಗಡಿ ದಾಟಿದರೆ ಸನದು ಸಲ್ಲದು

"ಕೇಳಿದಿರಾ ಸ್ವಾಮಿ, ನಮ್ಮ ಹುಡುಗಿ ಮತ್ತೆ ಪರೀಕ್ಷೆಗೆ ಓದ್ತಿದ್ದಾಳಂತೆ!"

ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮಗಳು ನ್ಯೂಯಾರ್ಕಿನಲ್ಲಿ ವಕೀಲಿ ಮಾಡುತ್ತಾಳೆ. ಕಂಪನಿಗಳನ್ನು ಕೊಳ್ಳುವ, ಮಾರುವ ಕಾಗದಪತ್ರದಲ್ಲಿ ಎತ್ತಿದ ಕೈ. ಈಗ ಕ್ಯಾಲಿಫೋರ್ನಿಯಾದ ವಕೀಲರ ಸಂಸ್ಥೆಯೊಂದು ಕರೆದಿದೆ. ಆದರೆ ನ್ಯೂಯಾರ್ಕಿನ ಸನದು ಅಲ್ಲಿ ನಡೆಯುವುದಿಲ್ಲ.

"ನಮ್ಮ ಬೆಳಗಾವಿ ವಕೀಲ ಕೊಲ್ಹಾಪುರಕ್ಕೆ ಹೋದ್ರೆ ಯಾರಾದ್ರೂ ಪರೀಕ್ಷೆ ಇಡ್ತಾರಾ?"

ಇಡುವುದಿಲ್ಲ. ಇಲ್ಲಿ ಒಮ್ಮೆ ಬಾರ್ ಪರೀಕ್ಷೆ ಪಾಸಾದರೆ ದೇಶದ ಯಾವ ಕೋರ್ಟಿನಲ್ಲಾದರೂ ನಿಲ್ಲಬಹುದು. ಹೆಸರನ್ನೇ ಇನ್ನೊಂದು ರಾಜ್ಯದ ಬಾರ್ ಕೌನ್ಸಿಲ್ಲಿಗೆ ಬದಲಾಯಿಸಿಕೊಳ್ಳಬೇಕೆಂದರೂ 1961ರ ಅಡ್ವೊಕೇಟ್ಸ್ ಆ್ಯಕ್ಟಿನ 18ನೇ ಕಲಮಿನಡಿ ಒಂದು ಅರ್ಜಿ ಹಾಕಿದರೆ ಆಯಿತು. ಅಮೆರಿಕದಲ್ಲಿ ಸನದು ಕೊಡುವುದು ಒಂದೊಂದು ರಾಜ್ಯದ ಪಾಡು. ಬಹಳಷ್ಟು ರಾಜ್ಯಗಳು ಇಷ್ಟು ವರ್ಷ ಅನುಭವವಿದೆ ಅಂದರೆ ಪರೀಕ್ಷೆ ಇಲ್ಲದೆ ಒಳಗೆ ಬಿಟ್ಟುಕೊಳ್ಳುತ್ತವೆ. ಕ್ಯಾಲಿಫೋರ್ನಿಯಾ ಮಾತ್ರ ಜಪ್ಪಯ್ಯ ಅಂದರೂ ಬಿಟ್ಟುಕೊಳ್ಳುವುದಿಲ್ಲ.

"ನಾಲ್ಕು ವರ್ಷ ವಕೀಲಿ ಮಾಡಿದವರಿಗೆ ವಿನಾಯಿತಿ ಇದೆಯಲ್ಲ ರಾಯರೇ, ಟಿಕ್ ಹಾಕುವ 200 ಪ್ರಶ್ನೆ ಬರೆಯಬೇಕಾಗಿಲ್ಲ" ಅಂದೆ.

"ಅದಕ್ಕೇ ಗೋಳಾಡ್ತಿರೋದು! ಉಳಿಯೋದೆಲ್ಲ ಬರೆಯೋದೇ ಅಂತೆ."

ಮಗಳು ಹೇಳುವುದರಲ್ಲಿ ಹುರುಳಿದೆ. ಉಳಿಯುವುದು ಗಂಟೆಗೊಂದರಂತೆ ಐದು ಪ್ರಬಂಧ, ಕೊನೆಗೆ ಒಂದೂವರೆ ಗಂಟೆಯ ಇನ್ನೊಂದು ಪ್ರಶ್ನೆ. ಪ್ರಬಂಧದಲ್ಲಿ ಒಂದು ಕಥೆ ಕೊಡುತ್ತಾರೆ. ಗಂಡ ಹೆಂಡತಿ ದುಡಿದು ಮನೆ ಕೊಂಡರು, ಗಂಡ ಗುಟ್ಟಾಗಿ ಸಾಲ ಮಾಡಿದ, ಉಯಿಲು ಬರೆದ, ಸತ್ತ. ಯಾರಿಗೆ ಏನು ಬರುತ್ತದೆ? ಕ್ರಿಮಿನಲ್, ಕರಾರು, ಟ್ರಸ್ಟು, ಯಾವುದರ ಮೇಲಾದರೂ ಬರಬಹುದು. ಕಾಲೇಜು ಬಿಟ್ಟ ದಿನವೇ ಅವಳು ಅವಕ್ಕೆಲ್ಲ ಎಳ್ಳುನೀರು ಬಿಟ್ಟಿದ್ದಳು. ಕೊನೆಯ ಪ್ರಶ್ನೆಗೆ ಮಾತ್ರ ಫೈಲನ್ನೂ ತೀರ್ಪುಗಳನ್ನೂ ಅವರೇ ಕೊಟ್ಟು, ಓದಿ ಟಿಪ್ಪಣಿ ಬರೆ ಅನ್ನುತ್ತಾರೆ. ಅವಳು ಆಫೀಸಿನಲ್ಲಿ ದಿನಾ ಮಾಡುವ ಕೆಲಸವನ್ನು ಹೋಲುವುದು ಅದೊಂದೇ!

ಪರೀಕ್ಷೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ದುಡಿದದ್ದು ಇಬ್ಬರಿಗೂ ಸಮಪಾಲು. ನ್ಯೂಯಾರ್ಕಿನಲ್ಲಿ ವಿಚ್ಛೇದನವಾದರೆ ಯಾರಿಗೆ ಎಷ್ಟು ನ್ಯಾಯವೆಂದು ಕೋರ್ಟು ತೂಗಿ ಹಂಚುತ್ತದೆ. ಅದು ತಿಳಿಯದ ವಕೀಲೆಯ ಹತ್ತಿರ ವಿಚ್ಛೇದನದ ಕೇಸು ಕೊಟ್ಟವರ ಗತಿ ನೆನೆಸಿಕೊಳ್ಳಿ. ಆದರೆ ಅಷ್ಟಕ್ಕೆ ಅರ್ಧ ದಿನದ ಪಾಠ ಸಾಕಿತ್ತು. ಉಳಿದದ್ದು ನಮ್ಮ ಹೊಲಕ್ಕೆ ನಿಮ್ಮ ದನ ಬಾರದಿರಲಿ ಎಂಬ ಬೇಲಿ ಎಂದೇ ನನ್ನ ಗುಮಾನಿ.

ಬೇಲಿಗೆ ಸಿಕ್ಕಿಕೊಂಡವರು ಸಣ್ಣಪುಟ್ಟವರಲ್ಲ. ಕ್ಯಾಥ್ಲೀನ್ ಸಲಿವನ್ ಎಂಬಾಕೆ 2004ರವರೆಗೆ ಸ್ಟ್ಯಾನ್‌ಫರ್ಡ್ ಕಾನೂನು ಶಾಲೆಯ ಡೀನ್. ಸಂವಿಧಾನದ ಮೇಲೆ ಆಕೆ ಜೊತೆಗೂಡಿ ಸಂಪಾದಿಸಿದ ಪುಸ್ತಕ ಲಾ ಕಾಲೇಜುಗಳಲ್ಲಿ ಪಠ್ಯ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಎರಡರ ಸನದೂ ಇತ್ತು, ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ವಾದಿಸಿದ್ದರು. ಕ್ವಿನ್ ಇಮ್ಯಾನ್ಯುಯಲ್ ಎಂಬ ಸಂಸ್ಥೆಗೆ ಸೇರಿ 2005ರ ಜುಲೈನಲ್ಲಿ ಪರೀಕ್ಷೆಗೆ ಕೂತರು. ಡುಮ್ಕಿ! ಪತ್ರಿಕೆಗಳಲ್ಲೆಲ್ಲ ಸುದ್ದಿ.

"ಆಮೇಲೆ?" ರಾಯರ ಮುಖದಲ್ಲಿ ಮಗಳು ಪಾರಾದಷ್ಟು ಸಮಾಧಾನ.

"ಮುಂದಿನ ಫೆಬ್ರುವರಿಯಲ್ಲೇ ಮತ್ತೆ ಬರೆದು ಪಾಸು. 2010ರಲ್ಲಿ ಆ ಸಂಸ್ಥೆ ಆಕೆಯ ಹೆಸರನ್ನು ಬೋರ್ಡಿಗೇ ಸೇರಿಸಿತು. ನಮ್ಮ ಕಮಲಾ ಹ್ಯಾರಿಸ್ ಕೂಡ ಮೊದಲ ಸಲ ಅದೇ ಪರೀಕ್ಷೆಯಲ್ಲಿ ಫೇಲು. ಅದೇ ರಾಜ್ಯದ ಅಟಾರ್ನಿ ಜನರಲ್ ಆಗಲಿಲ್ಲವೇ?"

"ನಮ್ಮ ಅಂತೀರಲ್ಲ, ಅವರ ತಾಯಿ ಕಡೆಯೋರು ತಮಿಳರು ಕಣ್ರೀ" ಎಂದು ರಾಯರು ಪಾಯಿಂಟ್ ಹಾಕಿದರು. ಶಿರಸ್ತೇದಾರರ ಮುಂದೆ ಹುಷಾರಾಗಿ ಮಾತಾಡಬೇಕು.

ಇದರಲ್ಲಿ ಇನ್ನೂ ಒಂದು ತಮಾಷೆಯಿದೆ. ಇದೇ ಹುಡುಗಿ ವಕೀಲರ ಸಂಸ್ಥೆ ಬಿಟ್ಟು ಯಾವುದಾದರೂ ಕಂಪನಿಯ ಒಳಗಿನ ವಕೀಲೆಯಾಗಿ ಹೋದರೆ, ಹೆಸರು ನೋಂದಾಯಿಸಿ ಪರೀಕ್ಷೆ ಇಲ್ಲದೆಯೇ ಕೆಲಸ ಮಾಡಬಹುದು. ಆ ಕಂಪನಿಗೆ ಮಾತ್ರ ಸಲಹೆ. ಕೋರ್ಟಿನಲ್ಲಿ ವಾದಿಸುವ ಹಾಗಿಲ್ಲ. ಅವಳು ಮುಂದೆಯೂ ಕೋರ್ಟಿನ ಮೆಟ್ಟಿಲು ಹತ್ತುವವಳಲ್ಲ. ಅದೇ ತಲೆ, ಅದೇ ಕಾಗದ. ಸಂಬಳ ಒಬ್ಬ ಧಣಿಯಿಂದ ಬಂದರೆ ಪರೀಕ್ಷೆ ಬೇಡ, ಹತ್ತು ಕಕ್ಷಿದಾರರಿಂದ ಬಂದರೆ ಬೇಕು.

"ಹಾಗಾದ್ರೆ ಕಂಪನಿಗೇ ಸೇರ್ಲಿ ಅಂತ ಹೇಳ್ಲಾ?"

ಒಳಗಿನಿಂದ ರಾಯರ ಹೆಂಡತಿ ಬಂದರು. "ನಿಮ್ಮ ಮಾತು ಅವಳು ಯಾವತ್ತು ಕೇಳಿದ್ದಾಳೆ? ಪರೀಕ್ಷೆ ಫೆಬ್ರುವರಿಯದೋ ಜುಲೈದೋ, ಅದನ್ನ ಕೇಳಿ ಮೊದಲು. ಮಗು ನೋಡ್ಕೊಳ್ಳೋಕೆ ನಾನೇ ಹೋಗ್ಬೇಕು. ವೀಸಾ ಮುಗ್ದು ಕೂತಿದೆ."