ದೀಪದ ವಯಸ್ಸು ಎಷ್ಟು ಸ್ವಾಮಿ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಳೇ ಮನೆ ಕೆಡವುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು. ಜೆಸಿಬಿಗಿಂತ ಮೊದಲು ಪಿಕಪ್ ಬರುತ್ತದೆ. ಅದರಿಂದ ಇಳಿಯುವ ಮಹಾಶಯನಿಗೆ ಪರಂಪರೆಯೆಂದರೆ ಪ್ರಾಣ.

ಅಟ್ಟದಿಂದ ಮಸಿ ಹಿಡಿದ ತೂಗುದೀಪ ಇಳಿಯುತ್ತದೆ. ಉಗುರಿನಿಂದ ತಟ್ಟಿ ನೋಡುತ್ತಾನೆ. ಕಂಚೆಂದು ಕಿವಿಗೆ ಗೊತ್ತಾಯಿತು. ಮುಖಕ್ಕೆ ಗೊತ್ತಾಗಲು ಬಿಡುವುದಿಲ್ಲ. "ಅಮ್ಮಾ, ಇದು ಗುಜರಿಗೇ ಹೋಗುವಂಥದ್ದು. ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡಿ." ಅಮ್ಮ ಕೊಡುತ್ತಾರೆ. ಮೇಲಿಂದ ಚಹಾ ಕೂಡ ಕೊಡುತ್ತಾರೆ. ಹೊರಡುವಾಗ, ಹೇಗೂ ಹುಳ ಹಿಡಿದಿದೆಯಲ್ಲ ಎಂದು ಚೆನ್ನೆಮಣೆಯನ್ನು ಪುಕ್ಕಟೆ ಬಗಲಿಗೇರಿಸುತ್ತಾನೆ.

ಮರುವಾರ ಅದೇ ದೀಪ ಹುಣಸೆಹುಳಿಯಲ್ಲಿ ಮಿಂದು ಫೋಟೋಕ್ಕೆ ನಿಲ್ಲುತ್ತದೆ. ಈಗ ಅದಕ್ಕೆ ನೂರೈವತ್ತು ವರ್ಷ. ಗುತ್ತಿನ ಮನೆಯದು ಬೇರೆ.

ಕೇಳಿದರೆ ಉತ್ತರ ಸಿದ್ಧ. "ಅವರಿಗೆ ಗೊತ್ತಿಲ್ಲದಿದ್ದರೆ ನನ್ನ ತಪ್ಪೇ? ನನ್ನ ತಿಳಿವಳಿಕೆಗೆ ಬೆಲೆ ಬೇಡವೇ?"

ಬೇಕು. ಅದನ್ನು ಅಮ್ಮನ ಎದುರಿಗೇ ಹೇಳಿ ತೆಗೆದುಕೊಳ್ಳಿ. ಗಾಡಿ ಬಾಡಿಗೆ, ಓಡಾಟ, ಲಾಭ ಎಲ್ಲ ಮುರಿದುಕೊಂಡು ಉಳಿದದ್ದು ಕೊಡಿ. ಬಾಯಿ ಬರುವುದಿಲ್ಲವೇ? ಹಾಗಾದರೆ ನೀವು ಮಾರುತ್ತಿರುವುದು ತಿಳಿವಳಿಕೆಯನ್ನಲ್ಲ, ಅವರ ನಂಬಿಕೆಯನ್ನು.

ಇದೇ ಮಹಾಶಯನಿಗೆ ಯಾರೋ ಪೋರ್ಚುಗೀಸರ ನಾಣ್ಯವೆಂದು ನಕಲಿ ದಾಟಿಸಲಿ. ಆಗ ಗೊತ್ತಿಲ್ಲದವನದು ತಪ್ಪಲ್ಲ. ಆಗ ಮಾರಿದವನು ಕಳ್ಳ. ಆಗ ಪೊಲೀಸರು ಬೇಕು.

"ನಾನು ಕೊಳ್ಳದಿದ್ದರೆ ಕರಗಿಸುತ್ತಿದ್ದರು, ನಾನೇ ಉಳಿಸಿದೆ" ಎಂಬ ಪುಣ್ಯದ ಮಾತೂ ಉಂಟು. ಉಳಿಸಿದ್ದನ್ನು ನೋಡಬೇಕಾದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋಗಿ. ಊರಿನ ವಸ್ತು ಊರಿನ ಕಣ್ಣೆದುರೇ ಇದೆ. ಇವನು ಉಳಿಸಿದ್ದು ಯಾವುದೋ ರೆಸಾರ್ಟಿನ ರಿಸೆಪ್ಷನ್ನಿಗೆ.

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ತುಂಬಿದ ಕಲಾವಸ್ತು ಪುರಾತನ. ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷವೇ ಸಾಕು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದಾಚೆ ಸಾಗಿಸುವಂತೆಯೇ ಇಲ್ಲ.

ಲೈಸೆನ್ಸ್ ತೋರಿಸಿ ಎಂದು ಕೇಳಿ ನೋಡಿ. ನೂರೈವತ್ತರ ದೀಪ ನಿಂತಲ್ಲೇ ತೊಂಬತ್ತಕ್ಕೆ ಇಳಿಯುತ್ತದೆ. ಅಮ್ಮನಿಗೆ ಗುಜರಿ, ಗಿರಾಕಿಗೆ ಪುರಾತನ, ಇಲಾಖೆಗೆ ಹಳೇ ಪಾತ್ರೆ. ದೀಪ ಒಂದೇ, ನಾಲಿಗೆ ಮೂರು.