ಗುಳಿಕಾಧೂಮಯಂತ್ರ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂಬುದು ನಮ್ಮ ಪ್ರಾಚೀನರ ಕಟ್ಟಳೆ. ಪ್ರಸ್ತುತ ಪ್ರಬಂಧದ ವಿಷಯವು ಗುಳಿಕಾಧೂಮಯಂತ್ರ. ಎಂದರೆ, ಅಮೆರಿಕದಲ್ಲಿ, ವಿಶೇಷವಾಗಿ ಟೆಕ್ಸಾಸ್ ಪ್ರಾಂತದಲ್ಲಿ, ಸ್ವಂತ ಮನೆಯನ್ನೂ ಮನೆಯ ಹಿಂದೆ ಒಂದಿಷ್ಟು ಹುಲ್ಲುಹಾಸನ್ನೂ ಉಳ್ಳ ಗೃಹಸ್ಥರು ಪೆಲೆಟ್ ಸ್ಮೋಕರ್ ಎಂದು ಕರೆದು, ತಿಂಗಳುಗಟ್ಟಲೆ ತರ್ಕಿಸಿ, ಕಡೆಗೆ ನೆರೆಮನೆಯವನು ಕೊಂಡದ್ದಕ್ಕಿಂತ ಒಂದು ಗೇಣು ಅಗಲವಾದದ್ದನ್ನು ಕೊಳ್ಳುವ ಆ ಉಕ್ಕಿನ ಪೆಟ್ಟಿಗೆ. ಪ್ರಯೋಜನವು ಮಾಂಸಕ್ಕೆ ಹೊಗೆಯ ರುಚಿಯನ್ನು ಹತ್ತಿಸುವುದು. ಸಂಬಂಧವು ಗೃಹಸ್ಥನಿಗೂ ಯಂತ್ರಕ್ಕೂ ನಡುವೆ ವೈ-ಫೈ ದ್ವಾರಾ ಏರ್ಪಡತಕ್ಕದ್ದು. ಅಧಿಕಾರಿ ಯಾರೆಂಬುದು ವಿವಾದಾಸ್ಪದವಾದುದರಿಂದ ಅದನ್ನು ಗ್ರಂಥಾಂತ್ಯಕ್ಕೆ ಮುಂದೂಡಲಾಗಿದೆ.

ಪೂರ್ವಾಚಾರ್ಯರು ಈ ವಿಷಯದಲ್ಲಿ ನಮಗೆ ನೆರವಾಗುವುದಿಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಾಂಸವನ್ನು ಕೆಂಡದ ಮೇಲೆ ಸುಡುವ ಕ್ರಮಗಳನ್ನು ರಾಜೋಚಿತವಾದ ಧಾರಾಳದಿಂದ ವರ್ಣಿಸಿದ್ದರೂ, ಕೆಂಡವನ್ನು ಕಾಯುವವನ ಬಳಿ ಎಷ್ಟನೆಯ ಆವೃತ್ತಿಯ ತಂತ್ರಾಂಶವಿರಬೇಕೆಂಬ ಮುಖ್ಯಾಂಶವನ್ನು ಬಿಟ್ಟಿದ್ದಾನೆ. 16ನೆಯ ಶತಮಾನದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿ ಕನ್ನಡಿಗರಿಗೆ ಮಹೋಪಕಾರ ಮಾಡಿದನಾದರೂ, ಜೈನನಾದುದರಿಂದ ಮಾಂಸದ ಗೋಜಿಗೆ ಹೋಗಲಿಲ್ಲ. ಆದಕಾರಣ ಈ ಭಾರವು ಅಲ್ಪಜ್ಞನಾದ ನನ್ನ ಮೇಲೆ ಬಿದ್ದಿದೆ.

ಯಂತ್ರದ ಸ್ವರೂಪವು ಹೀಗಿದೆ. ಪಾರ್ಶ್ವದಲ್ಲಿ ಗುಳಿಕಾಕೋಶ, ಲೌಕಿಕರು ಇದನ್ನು ಹಾಪರ್ ಎನ್ನುತ್ತಾರೆ. ಅದರೊಳಗೆ, ಮರದ ಹುಡಿಯನ್ನು ಅಚ್ಚಿನ ರಂಧ್ರಗಳಲ್ಲಿ ಒತ್ತಿ, ಒತ್ತಡದ ಕಾವಿಗೆ ಮರದೊಳಗಣ ಲಿಗ್ನಿನ್ ಎಂಬ ಅಂಟೇ ಮೆತ್ತಗಾಗಿ ಹಿಡಿದುಕೊಳ್ಳುವಂತೆ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳು. ಕೋಶದ ತಳದಲ್ಲಿ ಮೋಟಾರಿನಿಂದ ತಿರುಗುವ ನೀಳವಾದ ತಿರುಪು. ಅದು ಗುಳಿಗೆಗಳನ್ನು ಮೆಲ್ಲಮೆಲ್ಲನೆ ತಳ್ಳಿಕೊಂಡು ಹೋಗಿ, ಲೋಟದಷ್ಟೇ ಇರುವ ಅಗ್ನಿಕುಂಡಕ್ಕೆ ಆಹುತಿ ಹಾಕುತ್ತದೆ. ವಿದ್ಯುತ್ತಿನಿಂದ ಕೆಂಪಗೆ ಕಾದ ಕಂಬಿಯೊಂದು ಅಗ್ನಿಯನ್ನು ಆವಾಹಿಸುತ್ತದೆ. ಬೀಸಣಿಗೆಯು ಋತ್ವಿಜನ ಕಾರ್ಯವನ್ನು ನಿರ್ವಹಿಸುತ್ತದೆ. ಯಜಮಾನನು ಒಳಗೆ ಸೋಫಾದ ಮೇಲೆ ಒರಗಿ ಕ್ರಿಕೆಟ್ ನೋಡುತ್ತಿರುತ್ತಾನೆ. ಈ ಯಾಗದ ಮೂಲಪುರುಷನು ಆರೆಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್. 1970ರ ದಶಕದ ತೈಲಮುಗ್ಗಟ್ಟಿನಲ್ಲಿ ಮನೆಯನ್ನು ಬೆಚ್ಚಗಿಡಲೆಂದು ಬಳಕೆಗೆ ಬಂದ ಗುಳಿಗೆಗಳನ್ನು ಅಡುಗೆಯ ಕಡೆಗೆ ತಿರುಗಿಸಿ ಆತನು 1986ರಲ್ಲಿ ಪೇಟೆಂಟ್ ಪಡೆದನು. 2006ರಲ್ಲಿ ಆ ಹಕ್ಕು ತೀರಿದ ಬಳಿಕ ಹತ್ತಾರು ತಯಾರಕರು ಕಣಕ್ಕಿಳಿದರು. ತಯಾರಕರು ಹೆಚ್ಚಿದ್ದರಿಂದ ಆಯ್ಕೆಯೆಂಬುದು ಹುಟ್ಟಿತು. ಆಯ್ಕೆ ಹುಟ್ಟಿದ್ದರಿಂದ, ಕೇಳಬೇಕೆ, ಪಂಡಿತರೂ ಹುಟ್ಟಿದರು.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಂತು, ಎಲ್ಲವೂ ಸರಿ, ಈ ಯಂತ್ರದಲ್ಲಿ ಹೊಗೆ ಎಲ್ಲಿದೆ ಎಂದು ಕೇಳುತ್ತಾನೆ. ಪ್ರಶ್ನೆ ಕ್ಷುಲ್ಲಕವಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬಹುದಾದರೂ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯು ಹೊಗೆಯನ್ನು ಹೆರಬೇಕಾದರೆ ಹಸಿಯಾದ ಸೌದೆಯ ಸಂಯೋಗವೆಂಬ ಉಪಾಧಿಯೊಂದು ಬೇಕು ಎಂದು ನಮ್ಮ ತಾರ್ಕಿಕರು ಎಂದೋ ಇತ್ಯರ್ಥಮಾಡಿಟ್ಟಿದ್ದಾರೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಹೇಳಿಸಿಕೊಂಡ ವಟುಗಳಿಗೂ ಇದು ಗೊತ್ತು. ಗುಳಿಗೆಯಲ್ಲಾದರೋ ತೇವವು ನೂರಕ್ಕೆ ಹತ್ತು ಪಾಲೂ ಇರುವುದಿಲ್ಲ; ಸಾಲದುದಕ್ಕೆ ಬೀಸಣಿಗೆಯ ಗಾಳಿ. ಆದುದರಿಂದ ಅದು ಚೊಕ್ಕಟವಾಗಿ ಉರಿದುಹೋಗುತ್ತದೆ. ಮಾಂಸಕ್ಕೆ ಬೇಕಾದ ಕಂಪಾದರೋ, ಮರವು ಅರೆಬರೆ ಉರಿದು ಅದರ ಲಿಗ್ನಿನ್ ಒಡೆದಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ದ್ರವ್ಯಗಳಿಂದ ಬರತಕ್ಕದ್ದು. ಆಗಲಾಗಿ ಧೂಮಯಂತ್ರವು ಧೂಮವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಧಾರಾಳವಾಗಿ ಒದಗಿಸುತ್ತದೆಯೆಂದಾಯಿತು. ಈ ದೋಷದ ಪರಿಹಾರಾರ್ಥವಾಗಿ ಅಂಗಡಿಯವರು ಸ್ಮೋಕ್ ಟ್ಯೂಬ್ ಎಂಬ ತೂತುತೂತಾದ ಉಕ್ಕಿನ ಕೊಳವೆಯನ್ನು ಬೇರೆಯಾಗಿ ಮಾರುತ್ತಾರೆ. ಅದರಲ್ಲಿ ಅವೇ ಗುಳಿಗೆಗಳನ್ನು ತುಂಬಿ, ತುದಿಗೆ ಬೆಂಕಿ ಮುಟ್ಟಿಸಿ, ಉರಿ ಆರಿಸಿ, ಕೆಟ್ಟದಾಗಿ ಕನಲುವಂತೆ ಮಾಡಿ ಯಂತ್ರದೊಳಗೆ ಮಲಗಿಸಬೇಕು. ಗುಳಿಗೆಯನ್ನು ಚೆನ್ನಾಗಿ ಉರಿಸುವುದಕ್ಕೆ ಸಾವಿರ ಡಾಲರಿನ ಯಂತ್ರ. ಅದನ್ನೇ ಅದರೊಳಗೆ ಕೆಟ್ಟದಾಗಿ ಉರಿಸುವುದಕ್ಕೆ ಮತ್ತಿಷ್ಟು ಡಾಲರಿನ ಕೊಳವೆ. ಇದು ಸಿದ್ಧಾಂತಹಾನಿಯಲ್ಲವೆ ಎಂದರೆ, ಅಲ್ಲ, ಇದು ಆಕ್ಸೆಸರಿ ಎಂಬುದು ಸಾಂಪ್ರದಾಯಿಕ ಉತ್ತರ.

ಇನ್ನು ಮತಭೇದ. ಧೂಮಪಾಕಿಗಳು ಕಾಷ್ಠವಾದಿಗಳು, ಅಂಗಾರವಾದಿಗಳು, ಗುಳಿಕಾವಾದಿಗಳು ಎಂದು ಮೂರು ವಿಧ. ಪೋಸ್ಟ್ ಓಕ್ ಮರದ ಕೊರಡುಗಳನ್ನೇ ಉರಿಸತಕ್ಕದ್ದೆಂದು ರಾತ್ರಿಯಿಡೀ ನಿದ್ದೆಗೆಡುವ ಕಾಷ್ಠವಾದಿಯು ಮಿಕ್ಕ ಇಬ್ಬರನ್ನೂ ನಾಸ್ತಿಕರೆಂದು ತಿಳಿಯುತ್ತಾನೆ. ಇದ್ದಿಲನ್ನು ನೆಚ್ಚಿದ ಅಂಗಾರವಾದಿಯು ಮಧ್ಯಮಮಾರ್ಗಿ. ಗುಳಿಕಾವಾದಿಗಳು ನಿಯಂತ್ರಕಭೇದ, ಲೋಹಭೇದ, ವೃಕ್ಷಭೇದ, ವಿಸ್ತಾರಭೇದ, ಅನುಷಂಗಭೇದ ಎಂದು ಐದು ಪಂಗಡಗಳಾಗಿ ಒಡೆದಿರುತ್ತಾರೆ. ನಿಯಂತ್ರಕಪಂಗಡದವರ ಇಷ್ಟದೈವವು ಪಿಐಡಿ ಎಂಬ ತ್ರ್ಯಕ್ಷರಿ. ಅದು ಈ ಕ್ಷಣದ ಶಾಖದ ತಪ್ಪನ್ನು ಅಳೆದು, ಹಿಂದಿನ ತಪ್ಪುಗಳ ಮೊತ್ತವನ್ನು ಕೂಡಿಸಿ, ತಪ್ಪು ಯಾವ ಕಡೆಗೆ ಸಾಗುತ್ತಿದೆಯೆಂದು ಅಂದಾಜುಮಾಡಿ ತಿರುಪನ್ನು ತಿರುಗಿಸುವುದರಿಂದ ಅಕ್ಷರಶಃ ತ್ರಿಕಾಲಜ್ಞಾನಿ. ಲೋಹಪಂಗಡದವರು ಉಕ್ಕಿನ ದಪ್ಪವನ್ನು ಬೆರಳಿನಿಂದ ತಟ್ಟಿ ನೋಡಿ ತಲೆಯಾಡಿಸುತ್ತಾರೆ. ವೃಕ್ಷಪಂಗಡದವರು ಸೇಬಿನ ಮರದ ಗುಳಿಗೆಗೂ ಚೆರಿಮರದ ಗುಳಿಗೆಗೂ ಇರುವ ತಾರತಮ್ಯವನ್ನು ನಾಲಿಗೆಯ ತುದಿಯಿಂದ ಹೇಳಬಲ್ಲೆವೆನ್ನುತ್ತಾರೆ. ಹಣ್ಣಿನ ಮರದ ಹೆಸರು ಹೊತ್ತ ಎಷ್ಟೋ ಚೀಲಗಳಲ್ಲಿ ಬಹುಪಾಲು ಓಕ್ ಅಥವಾ ಆಲ್ಡರ್ ಮರದ ಹುಡಿಯೇ ಇರುತ್ತದೆಂಬುದನ್ನು ಅವರಿಗೆ ಹೇಳುವುದು ಸೌಜನ್ಯವಲ್ಲ. ವಿಸ್ತಾರಪಂಗಡ, ಅನುಷಂಗಪಂಗಡಗಳ ಲಕ್ಷಣವನ್ನು ಹೇಳಬೇಕಾಗಿತ್ತು. ಹೇಳುವುದಿಲ್ಲ. ಬೇಸರ ಬಂದಿದೆ.

ಈ ಬೇಸರಕ್ಕೆ ಕಾರಣವುಂಟು. ಆಸ್ಟಿನ್ ನಗರಕ್ಕೆ ಹೊಂದಿಕೊಂಡ ರೌಂಡ್ ರಾಕಿನಲ್ಲಿರುವ ನನ್ನ ಸೋದರಳಿಯನ ಹಿತ್ತಲಿನಲ್ಲಿ ಕುಳಿತು ಈ ಶಾಸ್ತ್ರವನ್ನು ಗುರುಮುಖೇನ ಕೇಳುವ ಯೋಗ ನನಗೆ ಪ್ರಾಪ್ತವಾಗಿತ್ತು. “ಮಾವ, ನೀವು ಇದನ್ನ ಬರೀ ಒಲೆ ಅಂತ ನೋಡ್ಬೇಡಿ, ಇದೊಂದು ಪ್ಲಾಟ್‌ಫಾರ್ಮ್” ಎಂದು ಆರಂಭಿಸಿದ ಪ್ರವಚನವು ಬಿಸಿಲು ಇಳಿಯುವವರೆಗೆ ನಡೆಯಿತು. ದನದ ಎದೆಯ ಮಾಂಸವಾದ ಬ್ರಿಸ್ಕೆಟ್ಟನ್ನು 107 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹನ್ನೆರಡು ಗಂಟೆಯೋ ಹೆಚ್ಚೋ ಇಟ್ಟು, ಅದರ ಒಳಗಿನ ಕಾವು 95ಕ್ಕೆ ಬರುವವರೆಗೆ ಕಾಯಬೇಕಂತೆ. ನಡುವೆ 65ರಿಂದ 75ರ ಆಸುಪಾಸಿನಲ್ಲಿ ಕಾವು ಗಂಟೆಗಟ್ಟಲೆ ಏರದೆ ನಿಂತುಬಿಡುತ್ತದಂತೆ. ಇದಕ್ಕೆ ಸ್ಟಾಲ್ ಎಂದು ಹೆಸರಂತೆ. ಇದನ್ನು ಎದುರಿಸುವುದಕ್ಕೆ ಮನೋಬಲ ಬೇಕಂತೆ. ಮಣ್ಣಿನ ಹೂಜಿಯ ನೀರು ತಂಪಾಗುವಂತೆಯೇ ಮಾಂಸದ ಮೈಯಿಂದ ನೀರು ಆರಿ ಕಾವನ್ನು ಕೊಂಡೊಯ್ಯುತ್ತದೆ, ಅಷ್ಟೇ ತಾನೆ ಎಂದು ನಾನು ಹೇಳಿದ್ದು ಅವನಿಗೆ ಹಿಡಿಸಲಿಲ್ಲ; ವಿಷಯವನ್ನು ಅಷ್ಟು ಸುಲಭಮಾಡಿಬಿಟ್ಟರೆ ಪಂಡಿತನಿಗೆ ಉಳಿಯುವುದೇನು?

ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದ ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿ, “ಅದಿರಲಿ ಕಣೋ, ಇದರಲ್ಲಿ ಒಂದು ಬದನೆಕಾಯಿ ಸುಡಕ್ಕಾಗತ್ತಾ?” ಎಂದಳು. ಹೊಸ ಯಂತ್ರವನ್ನು ಖಾಲಿಯಾಗಿ ಕಾಯಿಸಿ ಹದಗೊಳಿಸಿದ ದಿನವದು; ಮಾಂಸ ಇನ್ನೂ ಮುಟ್ಟಿರಲಿಲ್ಲವಾದುದರಿಂದ ಅಕ್ಕನ ಕಡೆಯಿಂದ ಮಡಿಯ ಆಕ್ಷೇಪವಿರಲಿಲ್ಲ. ದಪ್ಪನೆಯ ಬದನೆಕಾಯಿಯೊಂದನ್ನು ಸರಳುಗಳ ಮೇಲೆ ಇರಿಸಿ, ಮುಚ್ಚಳ ಮುಚ್ಚಿ, ಮೊಬೈಲಿನಲ್ಲಿ ಅದರ ಕ್ಷೇಮಸಮಾಚಾರವನ್ನು ವಿಚಾರಿಸುತ್ತ ಒಂದು ಗಂಟೆ ಕಾದದ್ದಾಯಿತು. ತೆರೆದಾಗ ಕಾಯಿಯ ತೊಟ್ಟು ಬಾಡಿತ್ತು. ಸಿಪ್ಪೆ ಅಲ್ಲಲ್ಲಿ ಸುಕ್ಕುಗಟ್ಟಿ ಹೊಳಪು ಮಾಸಿತ್ತು. ಆದರೆ ಎಲ್ಲಿಯೂ ಒಂದು ಕಪ್ಪು ಚುಕ್ಕೆಯಿರಲಿಲ್ಲ, ಒಂದು ಬಿರುಕಿರಲಿಲ್ಲ. ಅಕ್ಕ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿ, ಏನೂ ಹೇಳದೆ ಒಳಗೆ ಒಯ್ದು, ಗ್ಯಾಸ್ ಒಲೆಯ ಉರಿಯ ಮೇಲೆ ತೊಟ್ಟು ಹಿಡಿದು ತಿರುವತೊಡಗಿದಳು. ಸಿಪ್ಪೆ ಸೀದು ಸಿಡಿದು, ರಸ ಒಸರಿ ಚುರ್ರೆಂದಿತು. ನೀರಿನಲ್ಲಿ ಬೆರಳದ್ದಿಕೊಂಡು ಸಿಪ್ಪೆ ಸುಲಿದು, ಹುಣಿಸೆ, ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಕಿವಿಚಿ, ಇಂಗಿನ ಒಗ್ಗರಣೆ ಕೊಟ್ಟಳು. ಗೊಜ್ಜು ಚೆನ್ನಾಗಿತ್ತು. ಸೋದರಳಿಯನು ಎರಡು ಸಲ ಬಡಿಸಿಕೊಂಡು, ತನ್ನ ಮಾದರಿಯಲ್ಲಿ ನೇರಜ್ವಾಲೆಯ ಸೌಲಭ್ಯವಿಲ್ಲವೆಂದೂ ಅದಿರುವ ಮಾದರಿಯನ್ನು ಮುಂದಿನ ಸಲ ನೋಡಬೇಕೆಂದೂ ಹೇಳಿದನು.

ನಗುವ ಮಾತೇ ಸರಿ. ಆದರೆ ನನಗೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ರೌಂಡ್ ರಾಕಿನಿಂದ ಕಾರಿನಲ್ಲಿ ಹೊರಟರೆ ಒಂದು ಗಂಟೆಯೊಳಗೆ ಲಾಕ್‌ಹಾರ್ಟ್ ಸಿಗುತ್ತದೆ. 1999ರಲ್ಲಿ ಟೆಕ್ಸಾಸಿನ ಶಾಸನಸಭೆಯೇ ಅದನ್ನು ರಾಜ್ಯದ ಬಾರ್ಬೆಕ್ಯೂ ರಾಜಧಾನಿಯೆಂದು ಸಾರಿದೆ. 19ನೆಯ ಶತಮಾನದಲ್ಲಿ ಆ ಸೀಮೆಗೆ ಬಂದು ನೆಲೆಸಿದ ಜರ್ಮನ್ ಮತ್ತು ಚೆಕ್ ಕಟುಕರು ಮಾರಿ ಉಳಿದ ಮಾಂಸವನ್ನು ಕೆಡದಂತೆ ಹೊಗೆಯಲ್ಲಿಡುತ್ತಿದ್ದರು. ಹತ್ತಿ ಬಿಡಿಸಲು ಬಂದ ಕರಿಯ ಮತ್ತು ಮೆಕ್ಸಿಕನ್ ಕೂಲಿಗಳು ಅದನ್ನು ಕೊಂಡು, ಕುಳಿತು ತಿನ್ನಲು ತಟ್ಟೆಯೂ ಇಲ್ಲದೆ, ಸುತ್ತಿ ಕೊಟ್ಟ ಕಾಗದದ ಮೇಲೆಯೇ ತಿನ್ನುತ್ತಿದ್ದರು. ಅಂಥದೇ ಕಾಗದವನ್ನು ಇಂದು ಸುರುಳಿಸುರುಳಿಯಾಗಿ ಬೆಲೆಕಟ್ಟಿ ಮಾರುತ್ತಾರೆ, ಬ್ರಿಸ್ಕೆಟ್ಟಿಗೆ ಹೊದಿಸಿ ಸ್ಟಾಲನ್ನು ಜಯಿಸುವುದಕ್ಕೆ. ಅದಕ್ಕೂ ಹಿಂದೆ, ದಕ್ಷಿಣದ ಪ್ರಾಂತಗಳ ದೊಡ್ಡ ತೋಟಗಳಲ್ಲಿ, ನೆಲದಲ್ಲಿ ಗುಂಡಿ ತೋಡಿ ರಾತ್ರಿಯೆಲ್ಲ ಕೆಂಡ ಕಾದು ಇಡೀ ಪ್ರಾಣಿಯನ್ನು ಬೇಯಿಸಿದವರು ಗುಲಾಮರು. ಔತಣವು ಧಣಿಯ ಹೆಸರಿನಲ್ಲಿ ನಡೆಯುತ್ತಿತ್ತು. ಅವರ ಕೈಯಲ್ಲಿದ್ದಾಗ ಈ ವಿದ್ಯೆ ಊಳಿಗವಾಗಿತ್ತು. ಯಂತ್ರಕ್ಕೆ ಹಣ ತೆತ್ತವನ ಬಾಯಿಗೆ ಬಂದ ಮೇಲೆ ಶಾಸ್ತ್ರವಾಗಿದೆ.

ಪರದೇಶದವರನ್ನು ಮಾತ್ರ ಏಕೆ ಅನ್ನಬೇಕು? ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದಕ್ಕೆ ನಮ್ಮ ತಾರ್ಕಿಕರು ಆರಿಸಿಕೊಂಡ ದೃಷ್ಟಾಂತ ಯಾವುದು? ಮಹಾನಸ, ಎಂದರೆ ಅಡುಗೆಮನೆ. ಶತಮಾನಗಳ ಕಾಲ ಗುರುಗಳು ಶಿಷ್ಯರಿಗೆ ಇದೇ ದೃಷ್ಟಾಂತವನ್ನು ಕೊಟ್ಟರು, ಶಿಷ್ಯರು ತಮ್ಮ ಶಿಷ್ಯರಿಗೆ ಕೊಟ್ಟರು. ಬಾಗಿಲಲ್ಲಿ ನಿಂತು ಇಣುಕಿ ಹೊಗೆಯನ್ನು ಕಂಡರು, ಬೆಂಕಿಯನ್ನು ಕಂಡರು, ಎರಡರ ನಡುವಣ ವ್ಯಾಪ್ತಿಯನ್ನೂ ಕಂಡರು. ನಡುವೆ ಕುಳಿತವಳನ್ನು ಒಬ್ಬನಾದರೂ ಕಂಡನೇ? ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ, ಮಳೆಗಾಲದುದ್ದಕ್ಕೂ ಒದ್ದೆ ಸೌದೆಯೊಡನೆ, ಊದುಗೊಳವೆಯನ್ನು ಬಾಯಿಗಿಟ್ಟುಕೊಂಡು, ಕಣ್ಣೀರನ್ನು ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತ ಅಮ್ಮ ಹೊಗೆಯ ವಿಷಯದಲ್ಲಿ ನಡೆಸಿದ ಅಧ್ಯಯನವು ಯಾವ ಪಂಗಡಕ್ಕೆ ಸೇರಿತು? ಯಾವ ಕೊರಡು ಕೆಂಡವಾಗಿ ನಿಲ್ಲುತ್ತದೆ, ಯಾವುದು ಚಟಪಟಿಸಿ ಬೂದಿಯಾಗುತ್ತದೆ, ಹಾಲು ಉಕ್ಕದಂತೆ ಕೊಳ್ಳಿಯನ್ನು ಎಷ್ಟು ಹಿಂದಕ್ಕೆ ಎಳೆಯಬೇಕು ಎಂಬುದನ್ನೆಲ್ಲ ಬಲ್ಲ ಆಕೆಯನ್ನು ತ್ರಿಕಾಲಜ್ಞಾನಿಯೆಂದು ಯಾರೂ ಕರೆಯಲಿಲ್ಲ. ಆಕೆಗೆ ದೊರೆತದ್ದು ಕೆಮ್ಮು. ಮನೆಯೊಳಗಿನ ಹೊಗೆ ಮತ್ತಿತರ ಮಾಲಿನ್ಯದಿಂದ 2020ರ ಒಂದೇ ವರ್ಷದಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ಹಳ್ಳಿಯ ಮನೆಗಳಿಗಾಗಿ, ಸೌದೆಯನ್ನು ಕಡಿಮೆ ನುಂಗಿ ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಕಳಿಸುವ ಮಣ್ಣಿನ ಅಸ್ತ್ರ ಒಲೆಯನ್ನು ರೂಪಿಸಿದರು. ಆ ಒಲೆಯ ಆಯ್ಕೆಯ ಬಗೆಗೆ ಮೂರು ಗಂಟೆಗಳ ಪ್ರವಚನ ಮಾಡಿದ ಗಂಡಸನ್ನು ನಾನು ಕಂಡಿಲ್ಲ. ಹೊಗೆಯನ್ನು ಅಡುಗೆಯಿಂದ ಓಡಿಸುವುದಕ್ಕೆ ಒಂದು ವಿಜ್ಞಾನ, ಅದನ್ನು ಹಣ ಕೊಟ್ಟು ಮರಳಿ ಕರೆತರುವುದಕ್ಕೆ ಇನ್ನೊಂದು; ಎರಡನೆಯದಕ್ಕೆ ಮಾತ್ರ ಇಷ್ಟು ಭಾಷ್ಯಕಾರರು.

ಪ್ರಬಂಧವು ದಾರಿ ತಪ್ಪಿತು. ಸಿದ್ಧಾಂತವನ್ನು ಹೇಳಿ ಮುಗಿಸುತ್ತೇನೆ. ಯಂತ್ರವು ಕೆಟ್ಟದ್ದಲ್ಲ, ಒಂದೇ ಸಮನಾದ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸತಕ್ಕ ಪದಾರ್ಥಕ್ಕೆ ಅದು ಸಾಕಾದಷ್ಟು ಒಳ್ಳೆಯದೇ. ಕೊಳ್ಳುವವರು ಮುಚ್ಚಳ ಬಿಗಿಯಾಗಿ ಕೂಡುತ್ತದೆಯೆ, ತಿರುಪಿನ ಮೋಟಾರು, ಕಾಯುವ ಕಂಬಿ ಇವು ಬಿಡಿಯಾಗಿ ಸಿಗುತ್ತವೆಯೆ ಎಂದು ನೋಡಿದರೆ ಸಾಕು. ಮೊಬೈಲಿನ ಸಂಪರ್ಕವಿಲ್ಲದಿದ್ದರೂ ಮಾಂಸ ಬೇಯುತ್ತದೆ. ಗುಳಿಗೆಯ ಚೀಲವನ್ನು ಮಳೆಯಲ್ಲಿ ಬಿಡಬಾರದು, ತೇವ ತಾಕಿದರೆ ಅದು ಉಬ್ಬಿ ಮರಳಿ ಹುಡಿಯಾಗಿ ತಿರುಪನ್ನು ಕಚ್ಚಿಹಿಡಿಯುತ್ತದೆ. ಅಗ್ನಿಕುಂಡದ ಬೂದಿಯನ್ನು ಆಗಾಗ ತೆಗೆಯದಿದ್ದರೆ ಬೆಂಕಿ ಹತ್ತುವುದಿಲ್ಲ. ಜಿಡ್ಡು ಇಳಿಯುವ ಡಬ್ಬಿಯನ್ನು ಬರಿದುಮಾಡದಿದ್ದರೆ ಬೇಡದ ಕಡೆ ಹತ್ತುತ್ತದೆ.

ಅಧಿಕಾರಿಯ ಪ್ರಶ್ನೆ ಉಳಿದಿತ್ತು. ಸೋದರಳಿಯನ ಮನೆಯಲ್ಲಿ ಬಳಿಕ ನಡೆದ ಔತಣದ ಮರುದಿನ ಆ ಬೂದಿಯನ್ನೂ ಜಿಡ್ಡಿನ ಡಬ್ಬಿಯನ್ನೂ ತೆಗೆದವಳು ಅವನ ಹೆಂಡತಿ. ಯಾವ ಯಂತ್ರ ಬೇಕೆಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೊಳ್ಳಲು ಹೊರಟಿರುವ ಓದುಗರೇ, ದಯಮಾಡಿ ಮೊದಲು ಬೂದಿ ತೆಗೆಯುವವರನ್ನು ಕೇಳಿ. ಅವರು ಬೇಡವೆಂದರೆ ಕೊಳ್ಳಬೇಡಿ.